ಪುಲ್ಲಿ ಮಿಸ್‌ಅಲೈನ್‌ಮೆಂಟ್ ಅಂದ್ರೆ ಏನು? ಪವರ್ ಸ್ಟೇರಿಂಗ್ ಸದ್ದಿಗೂ ಅದಕ್ಕೂ ಏನು ಸಂಬಂಧ?

ಪುಲ್ಲಿ ಅಂದ್ರೆ ನಮ್ಮ ರಾಟೆನೇ, ಮಿಸ್‌ಅಲೈನ್‌ಮೆಂಟ್ ಅಂದ್ರೆ ಸಾಲು ತಪ್ಪೋದು. ಎಷ್ಟೋ ಗಾಡಿಗಳಲ್ಲಿ ಇಂಜಿನ್ ಮುಂದೆ ಒಂದೇ ಬೆಲ್ಟು ಕ್ರ್ಯಾಂಕ್ ಪುಲ್ಲಿಯಿಂದ (ಇಂಜಿನ್ನೇ ತಿರುಗಿಸೋ ರಾಟೆ) ಹೊರಟು ಆಲ್ಟರ್ನೇಟರ್ (ಕರೆಂಟ್ ಮಾಡೋದು), ಏಸಿ ಕಂಪ್ರೆಸರ್, ಪವರ್ ಸ್ಟೇರಿಂಗ್ ಪಂಪು (ಆಯಿಲ್ ಒತ್ತಡದಿಂದ ಸ್ಟೇರಿಂಗ್ ಹಗುರ ಮಾಡೋದು) ಎಲ್ಲವನ್ನೂ ಸುತ್ತಿಕೊಂಡು ಬರತ್ತಲ್ಲ, ಆ ರಾಟೆಗಳೆಲ್ಲಾ ಒಂದೇ ನೇರದಲ್ಲಿ ಇರ್ಬೇಕು. ಒಂದು ಸ್ವಲ್ಪ ಮುಂದಕ್ಕೋ ಹಿಂದಕ್ಕೋ ಕೂತಿದ್ರೆ, ಇಲ್ಲಾ ಓರೆಯಾಗಿ ವಾಲಿದ್ರೆ, ಅದೇ ಮಿಸ್‌ಅಲೈನ್‌ಮೆಂಟ್. ಮೆಕ್ಯಾನಿಕ್‌ಗಳು 'ಪುಲ್ಲಿ ಔಟ್ ಇದೆ' ಅಂತಾರೆ. (ಎಲೆಕ್ಟ್ರಿಕ್ ಸ್ಟೇರಿಂಗ್ ಇರೋ ಕಾರಲ್ಲಿ ಈ ಪಂಪೇ ಇರಲ್ಲ, ಅಂಥವ್ರು ಇದನ್ನ ಬಿಟ್ಬಿಡಿ.)

ಸದ್ದು ಬಂದ ತಕ್ಷಣ ಎಲ್ರೂ ಪಂಪ್ ಹೋಯ್ತು ಅಂದುಬಿಡ್ತಾರೆ, ನನಗೆ ಬೇಜಾರಾಗೋದು ಅದಕ್ಕೇ, ಯಾಕಂದ್ರೆ ಸದ್ದನ್ನ ಸರಿಯಾಗಿ ಕೇಳಿಸಿಕೊಂಡ್ರೆ ಅರ್ಧ ಉತ್ತರ ಅಲ್ಲೇ ಸಿಗತ್ತೆ. ಸ್ಟೇರಿಂಗ್ ತಿರುಗಿಸಿದಾಗ 'ಗುಂಯ್' ಅಂತ ಜಾಸ್ತಿ ಆದ್ರೆ ಅದು ಪಂಪಿನ ಕಡೆಯದು, ಮೊದಲು ಪವರ್ ಸ್ಟೇರಿಂಗ್ ಆಯಿಲ್ ಲೆವೆಲ್ ನೋಡಿ, ಆಯಿಲಲ್ಲಿ ನೊರೆ ಇದ್ರೆ ಎಲ್ಲೋ ಗಾಳಿ ಎಳೀತಿದೆ ಅಂತ. ಆದ್ರೆ ಐಡಲಲ್ಲಿ, ಅಂದ್ರೆ ಇಂಜಿನ್ ಓಡ್ತಿದ್ದು ಗಾಡಿ ನಿಂತಾಗ್ಲೂ 'ಚಿರ್ ಚಿರ್ ಚಿರ್' ಅಂತ ತಾಳ ಹಾಕಿದ ಹಾಗೆ ಬರ್ತಿದ್ರೆ ಸಾಲು ತಪ್ಪಿರೋ ಅನುಮಾನ ಇಟ್ಕೊಳ್ಳಿ. 'ಕೀಂಯ್' ಅಂತ ಉದ್ದಕ್ಕೆ ಕಿರುಚಿದ್ರೆ ಸಾಮಾನ್ಯವಾಗಿ ಬೆಲ್ಟು ಜಾರ್ತಿದೆ ಅಂತರ್ಥ.

ಒಂದು ಸುಲಭದ ಪರೀಕ್ಷೆ ಇದೆ. ಇಂಜಿನ್ ಓಡ್ತಿರುವಾಗ, ಕೈ ಬಟ್ಟೆ ಎಲ್ಲಾ ದೂರ ಇಟ್ಕೊಂಡು, ಬೆಲ್ಟಿನ ಗೆರೆ ಇರೋ ಮಗ್ಗುಲಿಗೆ ಸ್ವಲ್ಪ ನೀರು ಸ್ಪ್ರೇ ಮಾಡಿ. ಸದ್ದು ನಿಂತು, ನೀರು ಆರಿದ ಮೇಲೆ ಮತ್ತೆ ಶುರುವಾದ್ರೆ ಮಿಸ್‌ಅಲೈನ್‌ಮೆಂಟ್ ಕಡೆ ಬೆರಳು ತೋರಿಸತ್ತೆ, ನೀರು ಬಿದ್ದ ಮೇಲೆ ಸದ್ದು ಇನ್ನೂ ಜಾಸ್ತಿ ಆದ್ರೆ ಬೆಲ್ಟಿನ ಬಿಗಿ (ಟೆನ್ಷನ್) ಸಡಿಲ. ಆಮೇಲೆ ಇಂಜಿನ್ ಆಫ್ ಮಾಡಿ ಬೆಲ್ಟಿನ ಅಂಚು ನೋಡಿ, ಒಂದೇ ಕಡೆ ನೂಲು ಬಿಟ್ಟಿದ್ರೆ, ಸುತ್ತ ಕಪ್ಪು ರಬ್ಬರ್ ಪುಡಿ ಬಿದ್ದಿದ್ರೆ, ಬೆಲ್ಟು ರಾಟೆಯ ಬದಿಗೆ ಉಜ್ಜಿಕೊಂಡು ಓಡ್ತಿದೆ ಅಂತಾನೇ.

ಹೀಗಾಗೋದು ಯಾಕೆ? ಎಷ್ಟೋ ಗಾಡಿಗಳಲ್ಲಿ ಈ ಪಂಪಿನ ಪುಲ್ಲಿ ಬೋಲ್ಟಲ್ಲಿ ನಿಂತಿರಲ್ಲ, ಶಾಫ್ಟ್ ಮೇಲೆ ಬಿಗಿಯಾಗಿ ಪ್ರೆಸ್ ಆಗಿ ಕೂತಿರತ್ತೆ. ಪಂಪ್ ಬದಲಾಯಿಸುವಾಗ ಹಳೇ ಪುಲ್ಲೀನ ಪುಲ್ಲರ್ (ಎಳೆದು ಕೀಳೋ ಟೂಲ್) ಹಾಕಿ ಕಿತ್ತು ಹೊಸ ಪಂಪಿಗೆ ಪ್ರೆಸ್ ಮಾಡಬೇಕು, ಅದು ಪೂರ್ತಿ ಕೂರದಿದ್ರೆ ಸಾಲು ತಪ್ತು ಅಂತಾನೇ ಲೆಕ್ಕ. ಸುತ್ತಿಗೆಯಲ್ಲಿ ಮಾತ್ರ ದಯವಿಟ್ಟು ಹೊಡೀಬೇಡಿ, ಆ ಏಟು ನೇರ ಶಾಫ್ಟಿಗೆ, ಬೇರಿಂಗಿಗೆ, ಒಳಗಿನ ವೇನ್‌ಗಳಿಗೆ (ಆಯಿಲ್ ತಳ್ಳೋ ರೆಕ್ಕೆಗಳು) ಹೋಗತ್ತೆ, ಹೊಸ ಪಂಪು ಅವತ್ತೇ ಹಾಳು. ಪಂಪ್ ಹಿಡಿದಿರೋ ಬ್ರಾಕೆಟ್ ಬಗ್ಗಿದ್ರೂ, ಬೇರಿಂಗ್ ಸವೆದ್ರೂ ಇದೇ ತೊಂದರೆ ಬರತ್ತೆ.

ನನ್ನ ಗಾಡಿಗೆ ಹೊಸ ಪಂಪ್ ಹಾಕಿದ ಮಾರನೇ ದಿನವೇ ಚಿರ್ ಚಿರ್ ಶುರು. ನೇರವಾದ ಸ್ಟೀಲ್ ಸ್ಕೇಲನ್ನ ಪಕ್ಕದ ಪುಲ್ಲಿ ಮುಖಕ್ಕೆ ಒತ್ತಿ ಹಿಡಿದೆ (ಎರಡೂ ಪುಲ್ಲಿಗಳ ಅಂಚಿನ ದಪ್ಪ ಒಂದೇ ಇದ್ರೆ ಮಾತ್ರ ಈ ಉಪಾಯ ನಡಿಯತ್ತೆ), ಪಂಪಿನ ಪುಲ್ಲಿ ಸುಮಾರು 2 ಮಿ.ಮೀ. ಹೊರಗೆ ನಿಂತಿತ್ತು. ಕಣ್ಣಿಗೆ ಗೊತ್ತೇ ಆಗ್ತಿರ್ಲಿಲ್ಲ. ಪ್ರೆಸ್ ಮಾಡೋ ಟೂಲ್ ಹಾಕಿ ಅಷ್ಟನ್ನ ಒಳಗೆ ತಳ್ಳಿದ್ಮೇಲೆ ಸದ್ದು ನಿಂತ್ಹೋಯ್ತು, ಅಂಚು ಹರಿದಿದ್ದ ಬೆಲ್ಟನ್ನ ಮಾತ್ರ ಬದಲಾಯಿಸಬೇಕಾಯ್ತು.