ಗುಲಾಬಿ ಬೀಜಕ್ಕೆ ಮೊದಲು ಚಳಿ ಬೇಕು

ಬೀಜ ಹಾಕಿ ಎರಡು ತಿಂಗಳಾಯಿತು, ಒಂದೂ ಮೊಳೆತಿಲ್ಲ ಎಂದು ಕೇಳಿಕೊಂಡು ಬರುವವರಿಗೆ ನನ್ನ ಮೊದಲ ಪ್ರಶ್ನೆ: ಬೀಜ ಎಲ್ಲಿಂದ ಬಂತು? ಪೊಟ್ಟಣದ ಮೇಲೆ ನೀಲಿ ಗುಲಾಬಿಯದೋ ಏಳು ಬಣ್ಣದ ಗುಲಾಬಿಯದೋ ಚಿತ್ರವಿದ್ದರೆ ಮುಂದೆ ಕೇಳುವುದೇ ಬೇಡ. ಏಳು ಬಣ್ಣದ ಹೂವು ಬಿಳಿ ಗುಲಾಬಿಯ ದಂಟನ್ನು ಸೀಳಿ, ಒಂದೊಂದು ಸೀಳನ್ನು ಒಂದೊಂದು ಬಣ್ಣದ ನೀರಿನಲ್ಲಿ ಇಟ್ಟು ಮಾಡಿದ್ದು. ನೀಲಿಗೆ ಬೇಕಾದ ಡೆಲ್ಫಿನಿಡಿನ್ ಎಂಬ ವರ್ಣದ್ರವ್ಯವನ್ನು ತಯಾರಿಸುವ ಶಕ್ತಿ ಗುಲಾಬಿಗೆ ಹುಟ್ಟಿನಿಂದಲೇ ಇಲ್ಲ. ಜಪಾನಿನ ಸಂಟೋರಿ ಕಂಪನಿ ಪ್ಯಾನ್ಸಿ ಹೂವಿನ ಜೀನ್ ಸೇರಿಸಿ ಬೆಳೆಸಿ, 2009ರಲ್ಲಿ ಮಾರಾಟಕ್ಕೆ ತಂದ ಗುಲಾಬಿಯೂ ನೋಡಲು ತಿಳಿ ನೇರಳೆಯೇ. ಅಂಥ ಪೊಟ್ಟಣಗಳಿಗೆ ದಯವಿಟ್ಟು ಹಣ ಸುರಿಯಬೇಡಿ. ನಿಮ್ಮ ಗಿಡದಲ್ಲೇ ಕಟ್ಟಿದ ಕಾಯಿಯ ಬೀಜ ಎಲ್ಲಕ್ಕಿಂತ ಒಳ್ಳೆಯದು.

ಬೀಜದಿಂದ ಬರುವ ಗಿಡ ತಾಯಿಗಿಡದ ನಕಲಲ್ಲ ಎಂಬುದು ಮೊದಲೇ ಗೊತ್ತಿರಲಿ. ನಾವು ತೋಟದಲ್ಲಿ ಬೆಳೆಸುವ ಹೆಚ್ಚಿನ ಗುಲಾಬಿಗಳು ಹಲವು ಜಾತಿಗಳ ಬೆರಕೆಯಿಂದ ಬಂದವು. ಅವುಗಳಲ್ಲಿ ಬಹುಪಾಲಿಗೆ, ಗುಣಗಳನ್ನು ಹೊತ್ತು ತರುವ ಕ್ರೋಮೋಸೋಮು ಏಳೇಳರ ನಾಲ್ಕು ಗುಂಪು, ಅಂದರೆ 28. ಒಂದೇ ಕಾಯಿಯ ಬೀಜಗಳು ಒಡಹುಟ್ಟಿದವರ ಹಾಗೆ: ಹೋಲಿಕೆ ಇರುತ್ತದೆ, ಒಬ್ಬರಂತೆ ಇನ್ನೊಬ್ಬರು ಇರುವುದಿಲ್ಲ. ಲೋಕವೆಲ್ಲ ಬೆಳೆಸಿದ 'ಪೀಸ್' ಗುಲಾಬಿ ಫ್ರಾನ್ಸಿನ ಫ್ರಾನ್ಸಿಸ್ ಮೇಯಾನ್ ಬೀಜದಿಂದ ಎಬ್ಬಿಸಿದ ಒಂದೇ ಒಂದು ಸಸಿ. ಇವತ್ತಿನ ಪ್ರತಿ ಪೀಸ್ ಗಿಡವೂ ಆ ಸಸಿಯ ಕಣ್ಣಿನಿಂದ, ಅಂದರೆ ಚಿಗುರುವ ಮೊಗ್ಗಿನಿಂದ, ಕಸಿಯಾಗಿಯೋ ಕಡ್ಡಿಯಿಂದಲೋ ಬಂದದ್ದು. ಅದರ ಬೀಜ ಬಿತ್ತಿದರೆ ಪೀಸ್ ಬರುವುದಿಲ್ಲ, ಇನ್ನೇನೋ ಬರುತ್ತದೆ. ಇಷ್ಟದ ಗಿಡ ಇನ್ನೊಂದು ಬೇಕೆಂದರೆ ಕಡ್ಡಿ ನೆಡಿ. ಹೊಸದೊಂದು ಬೇಕೆಂಬ ಆಸೆ ಇದ್ದವರಿಗೆ ಬೀಜ.

ಕಾಯಿ ಬೇಕಾದರೆ ಬಾಡಿದ ಹೂವನ್ನು ಕತ್ತರಿಸದೆ ಬಿಡಬೇಕು. ತುಂಬಾ ಎಸಳಿನ ಹೂಗಳಲ್ಲಿ ಎಷ್ಟೋ ಕೇಸರಗಳು ಎಸಳಾಗಿಯೇ ಮಾರ್ಪಟ್ಟಿರುತ್ತವೆ, ಅವು ಕಾಯಿ ಕಟ್ಟುವುದು ಕಡಿಮೆ. ನಡುವೆ ಹಳದಿ ಕೇಸರ ಕಾಣುವ ಹೂವಿನ ಗಿಡವನ್ನು ಆರಿಸಿಕೊಳ್ಳಿ. ಪರಾಗ ತಗಲಿದ ಮೂರ್ನಾಲ್ಕು ತಿಂಗಳಿಗೆ ಕಾಯಿ ಹಸಿರು ಬಿಟ್ಟು ಕಿತ್ತಳೆಗೋ ಕೆಂಪಿಗೋ ತಿರುಗುತ್ತದೆ. ಆಗ ಕೊಯ್ಯಿರಿ, ಗಿಡದಲ್ಲೇ ಒಣಗಿ ಗಟ್ಟಿಯಾಗುವ ತನಕ ಕಾಯಬೇಡಿ. ಒಳಗಿನ ಸಣ್ಣ ರೋಮ ಚರ್ಮಕ್ಕೆ ನವೆ ತರುತ್ತದೆ, ಕೈಗವಸು ಇರಲಿ. ತಿರುಳು ಒಂದಿಷ್ಟೂ ಉಳಿಯದಂತೆ ಬೀಜ ತೊಳೆಯಿರಿ, ಉಳಿದ ತಿರುಳಿಗೆ ಬೂಷ್ಟು ಬಂದೇ ಬರುತ್ತದೆ. ನೀರಿನಲ್ಲಿ ತೇಲಿದ ಬೀಜ ಜೊಳ್ಳೆಂದು ಎಸೆಯುವ ರೂಢಿ ಇದೆ. ಗುಲಾಬಿಯ ಮಟ್ಟಿಗೆ ನಾನು ಅದನ್ನು ಒಪ್ಪುವುದಿಲ್ಲ. ತೇಲಿದ್ದೂ ಮೊಳೆಯುತ್ತದೆ.

ಇನ್ನು ಹೆಚ್ಚಿನವರು ಬಿಟ್ಟುಬಿಡುವ ಹಂತ. ಗುಲಾಬಿ ಬೀಜಕ್ಕೆ ಎರಡು ತಡೆಗಳಿವೆ. ಹೊರಗಿನ ಗಟ್ಟಿ ಚಿಪ್ಪು ಒಳಗಿನ ಮೊಳಕೆಯನ್ನು ಬಿಗಿಹಿಡಿದಿರುತ್ತದೆ. ಅದರ ಜೊತೆಗೆ ಚಿಪ್ಪಿನಲ್ಲೂ ಸಿಪ್ಪೆಯಲ್ಲೂ ಇರುವ ಅಬ್ಸಿಸಿಕ್ ಆಮ್ಲ ಮೊಳೆಯದಂತೆ ತಡೆಯುತ್ತದೆ. ಕಾಡಿನಲ್ಲಿ ಈ ತಡೆ ತೆಗೆಯುವುದು ಚಳಿಗಾಲ. ಹಣ್ಣು ಉದುರಿದ ಕೂಡಲೇ ಮೊಳೆತ ಸಸಿ ಹಿಮಕ್ಕೆ ಸಿಕ್ಕಿ ಸಾಯುತ್ತದೆ, ಹಾಗಾಗಿ ಚಳಿ ಕಳೆಯಿತೆಂದು ಖಚಿತವಾಗುವ ತನಕ ಬೀಜ ಕಾಯುತ್ತದೆ. ಮನೆಯಲ್ಲಿ ಆ ಚಳಿಗಾಲವನ್ನು ಫ್ರಿಜ್ಜು ಕೊಡುತ್ತದೆ. ಟಿಶ್ಯೂ ಕಾಗದವನ್ನೋ ಕೋಕೋಪೀಟನ್ನೋ ನೆನೆಸಿ, ಹನಿ ಬೀಳದಂತೆ ಹಿಂಡಿ, ಬೀಜವನ್ನು ಅದರೊಳಗಿಟ್ಟು ಮುಚ್ಚುವ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ. ಗಿಡದ ಹೆಸರು, ತಾರೀಕು ಬರೆಯಿರಿ. 2ರಿಂದ 5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆರರಿಂದ ಹನ್ನೆರಡು ವಾರ ಇರಬೇಕು. ಫ್ರೀಜರ್ ಬೇಡ. ಒಣ ಬೀಜವನ್ನು ಎಷ್ಟು ದಿನ ಇಟ್ಟರೂ ಉಪಯೋಗವಿಲ್ಲ, ನೀರು ಕುಡಿದ ಬೀಜದ ಮೇಲೆ ಮಾತ್ರ ಚಳಿ ಕೆಲಸ ಮಾಡುತ್ತದೆ. ವಾರಕ್ಕೊಮ್ಮೆ ತೆಗೆದು ನೋಡಿ. ಬೂಷ್ಟು ಕಂಡರೆ ತೊಳೆದು ಹೊಸ ಕಾಗದಕ್ಕೆ ಹಾಕಿ. ಕೆಲವು ಬೀಜ ಫ್ರಿಜ್ಜಿನಲ್ಲೇ ಬಿಳಿ ಬೇರು ಬಿಡುತ್ತವೆ, ಅವನ್ನು ಆಗಲೇ ಮಣ್ಣಿಗೆ ಇಳಿಸಿ.

ಬಿತ್ತನೆಯಲ್ಲಿ ಕಷ್ಟವೇನಿಲ್ಲ. ನೀರು ನಿಲ್ಲದ ಹಗುರ ಮಿಶ್ರಣ, ಒಂದು ಸೆಂಟಿಮೀಟರಿಗಿಂತ ಹೆಚ್ಚಿಲ್ಲದ ಆಳ, 15ರಿಂದ 20 ಡಿಗ್ರಿ ತಂಪು. ತೀರಾ ಸೆಕೆಯಾದರೆ ಬೀಜ ಮತ್ತೆ ಸುಪ್ತಾವಸ್ಥೆಗೆ ಹೋಗಬಹುದು. ಎಲ್ಲವೂ ಒಟ್ಟಿಗೆ ಏಳುವುದಿಲ್ಲ. ಬಿತ್ತಿದ್ದರಲ್ಲಿ ಕಾಲು ಭಾಗ ಬಂದರೂ ಸಂತೋಷಪಡಿ. ಉಳಿದವನ್ನು ತಟ್ಟೆ ಸಮೇತ ಸುರಿಯಬೇಡಿ, ಇನ್ನೊಂದು ಸುತ್ತು ಚಳಿ ಸಿಕ್ಕ ಮೇಲೆ ಮುಂದಿನ ವರ್ಷ ಏಳುವುದೂ ಉಂಟು.

ಸಸಿ ಎದ್ದ ಮೊದಲ ವಾರಗಳಲ್ಲಿ ಕೊಲ್ಲುವುದು ಬುಡ ಕೊಳೆಯುವ ರೋಗ. ಅದಕ್ಕೆ ನೀರು ಕಡಿಮೆ ಕೊಡುವುದು, ಗಾಳಿಯಾಡಲು ಬಿಡುವುದು ಇವೆರಡೇ ಮದ್ದು. ಪದೇಪದೇ ಹೂ ಬಿಡುವ ಗುಣ ಬಂದಿರುವ ಸಸಿ ಎರಡು ಮೂರು ತಿಂಗಳಿಗೇ ಗೇಣುದ್ದವೂ ಇಲ್ಲದಿರುವಾಗ ಮೊಗ್ಗು ತೋರಿಸುತ್ತದೆ. ವರ್ಷಕ್ಕೊಮ್ಮೆ ಹೂ ಬಿಡುವ ಬಗೆಯದಾದರೆ ಎರಡು ಮೂರು ವರ್ಷ ಕಾಯಬೇಕು. ಮೊದಲ ಹೂವು ಸಣ್ಣದು, ಹಲವು ಸಲ ಐದೇ ಎಸಳು. ಅದನ್ನು ನೋಡಿ ಗಿಡ ಕೀಳಬೇಡಿ, ಗಿಡ ಬಲಿತಂತೆ ಎಸಳೂ ಗಾತ್ರವೂ ಹೆಚ್ಚುತ್ತವೆ. ಆದರೆ ಎಲೆ ಬೂದಿ ರೋಗಕ್ಕೆ ಮತ್ತೆ ಮತ್ತೆ ತುತ್ತಾಗುವ ಸಸಿಯ ವಿಷಯದಲ್ಲಿ ನಾನು ಕಠಿಣ. ಹೂವು ಎಷ್ಟೇ ಚೆಲುವಾಗಿರಲಿ, ಔಷಧಿ ಹೊಡೆದು ಅದನ್ನು ಉಳಿಸಿಕೊಳ್ಳುವುದಿಲ್ಲ, ಕಿತ್ತು ಹಾಕುತ್ತೇನೆ. ಎರಡು ಹಂಗಾಮು ಕಳೆದರೂ ಎಲೆ ಹಸಿರಾಗಿಯೇ ಇದ್ದು, ಹೂವೂ ಮನಸ್ಸಿಗೆ ಬಂದ ಗಿಡದಿಂದ ಪೆನ್ಸಿಲ್ ದಪ್ಪದ ಎರಡು ಮೂರು ಕಡ್ಡಿ ತೆಗೆದು ಬೇರೆ ಕುಂಡಗಳಲ್ಲಿ ಊರಿ ಇಡಿ. ಅಂಥ ಗಿಡ ಇನ್ನೊಂದಿಲ್ಲ, ಸತ್ತರೆ ಕೊಂಡು ತರಲು ಎಲ್ಲೂ ಸಿಗದು.