ಒಂದೇ ಡಿ4, ಎರಡು ಬಾಗಿಲು: ಬಿಎಂಸಿಗೆ ನಮ್ಮ ಕಮಾಂಡ್ ಸೇರಿಸಿದಾಗ

ಭಾನುವಾರ ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಗೆಳೆಯರೊಡನೆ ಕೂತು ಕೋಡ್ ಓದಿದ್ದರ ಟಿಪ್ಪಣಿ ಇದು. ಅಂದು ಬರಲಾಗದವರಿಗಾಗಿ ಬರೆದಿದ್ದೇನೆ.

ಸರ್ವರ್ ಆರಿಸಿದ್ದರೂ ಒಳಗೆ ಎಚ್ಚರವಾಗಿರುವ ಪುಟ್ಟ ಕಂಪ್ಯೂಟರ್ ಬಿಎಂಸಿ. ಅದರೊಡನೆ ಮಾತಾಡುವ ಹಳೆಯ ಭಾಷೆ ಐಪಿಎಂಐ. ಈಗ ಬಳಕೆಯಲ್ಲಿರುವ 2.0 ಆವೃತ್ತಿ 2004ರದು. ಪ್ರತಿ ಕೋರಿಕೆಯಲ್ಲಿ ನೆಟ್‌ಫಂಕ್ಷನ್ ಎಂಬ ಗುಂಪಿನ ಸಂಖ್ಯೆ, ಆಮೇಲೆ ಒಂದು ಬೈಟ್‌ನ ಕಮಾಂಡ್ ಇರುತ್ತದೆ. ತಯಾರಕರ ಸ್ವಂತ ಕಮಾಂಡ್‌ಗಳಿಗೆ ಹೆಕ್ಸ್ (ಹದಿನಾರರ ಲೆಕ್ಕದ) 2ಇ ಗುಂಪು ಮೀಸಲು. ಅಲ್ಲಿ ಡೇಟಾದ ಮೊದಲ 3 ಬೈಟ್‌ಗಳು ತಯಾರಕರ ಐಎಎನ್ಎ ಸಂಖ್ಯೆ (ಐಎಎನ್ಎ ಎಂಬ ಸಂಸ್ಥೆ ಅವರಿಗೆ ಕೊಟ್ಟ ಗುರುತಿನ ಸಂಖ್ಯೆ), ಅದೂ ಬಾಲದಿಂದ ತಲೆಗೆ. ಬಿಎಂಸಿಯಲ್ಲಿ ಓಡುವ ಮುಕ್ತ ತಂತ್ರಾಂಶ ಓಪನ್‌ಬಿಎಂಸಿಯ ಸಂಖ್ಯೆ 49871, ಅಂದರೆ ಹೆಕ್ಸ್‌ನಲ್ಲಿ ಸಿ2ಸಿಎಫ್. ಕಳುಹಿಸಬೇಕಾದದ್ದು ಸಿಎಫ್, ಸಿ2, 00. ನಾನು ತಲೆಯಿಂದಲೇ ಕಳುಹಿಸಿದೆ. ‘ಇಂಥ ಕಮಾಂಡ್ ಇಲ್ಲ’ ಎನ್ನುವ ಉತ್ತರದ ಸಂಕೇತ ಸಿ1 ಬಂತು. ಸರಿಯಾಗಿಯೇ ಇದ್ದ ಹ್ಯಾಂಡ್ಲರ್ ಅನ್ನು, ಅಂದರೆ ಕಮಾಂಡ್ ನಡೆಸುವ ನನ್ನ ಕೋಡನ್ನು, ಅರ್ಧ ದಿನ ಕೆದಕಿದೆ.

ಹ್ಯಾಂಡ್ಲರ್ ಸೇರಿಸುವುದು ಕಷ್ಟವಲ್ಲ. ಪ್ರತ್ಯೇಕ ಲೈಬ್ರರಿಯಲ್ಲಿ ಬರೆದು, ಆದ್ಯತೆ, ಐಎಎನ್ಎ ಸಂಖ್ಯೆ, ಕಮಾಂಡ್, ಕನಿಷ್ಠ ಹಕ್ಕು ಇಷ್ಟನ್ನು ನೋಂದಾಯಿಸಿದರೆ ಮುಗಿಯಿತು. ಒಂದೇ ಕಮಾಂಡ್‌ಗೆ ಇಬ್ಬರು ನೋಂದಾಯಿಸಿದರೆ ಹೆಚ್ಚಿನ ಆದ್ಯತೆಯವರು ಗೆಲ್ಲುತ್ತಾರೆ.

ತಲೆ ಕೆಟ್ಟದ್ದು ಡಿ4ರಿಂದ, ಅಂದರೆ ‘ಹಕ್ಕು ಸಾಲದು’ ಎನ್ನುವ ಸಂಕೇತದಿಂದ. ನೆಟ್‌ವರ್ಕ್‌ನಿಂದ ಅಡ್ಮಿನ್ ಆಗಿ ಕಳುಹಿಸಿದರೆ ಕಮಾಂಡ್ ಸಲೀಸಾಗಿ ನಡೆಯುತ್ತದೆ. ಅದೇ ಸರ್ವರ್‌ನ ಲಿನಕ್ಸ್‌ನಲ್ಲಿ ಪೂರ್ಣ ಹಕ್ಕಿನ ರೂಟ್ ಆಗಿ ಕೊಟ್ಟರೆ ಡಿ4. ಹ್ಯಾಂಡ್ಲರ್‌ನ ಹಕ್ಕನ್ನು ಅಡ್ಮಿನ್‌ನಿಂದ ಯೂಸರ್‌ಗೆ ಇಳಿಸಿದೆ. ಮತ್ತೆ ಡಿ4. ಲಾಗ್‌ನಲ್ಲಿ ನನ್ನ ಹ್ಯಾಂಡ್ಲರ್‌ನ ಒಂದು ಸಾಲೂ ಇಲ್ಲ.

ಹುಬ್ಬಳ್ಳಿ-ಧಾರವಾಡದ ನಮ್ಮ ಚಿಗರಿ ಬಸ್ ನೆನಪಿಸಿಕೊಳ್ಳಿ. ಟಿಕೆಟ್ ನೋಡುವುದು ನಿಲ್ದಾಣದ ಗೇಟಿನಲ್ಲಿ. ಅಲ್ಲೇ ತಡೆದರೆ ಬಸ್ಸಿನವರಿಗೆ ನೀವು ಬಂದದ್ದೇ ತಿಳಿಯುವುದಿಲ್ಲ. ಓಪನ್‌ಬಿಎಂಸಿಯಲ್ಲೂ ಕೋರಿಕೆಗಳನ್ನು ಸೋಸುವ ಫಿಲ್ಟರ್‌ನ ಮಾತು ಮೊದಲು, ಹಕ್ಕಿನ ಪರೀಕ್ಷೆ ಆಮೇಲೆ, ಹ್ಯಾಂಡ್ಲರ್ ಕೊನೆಗೆ. ನಿರ್ಬಂಧ ಜಾರಿಯಲ್ಲಿದ್ದರೆ, ಸರ್ವರ್ ಒಳಗಿನಿಂದ ಬರುವ ಕೋರಿಕೆಯನ್ನು ಫಿಲ್ಟರ್ ಅನುಮತಿ ಪಟ್ಟಿಯಲ್ಲಿ ಹುಡುಕುತ್ತದೆ, ಸಿಗದಿದ್ದರೆ ಡಿ4. ಹಕ್ಕು ಸಾಲದಿದ್ದರೂ ಡಿ4. ಎರಡು ಬಾಗಿಲಿಗೆ ಒಂದೇ ಫಲಕ ತೂಗುಹಾಕಿದವರ ಮೇಲೆ ನನಗೆ ಇನ್ನೂ ಸಿಟ್ಟಿದೆ.

ಬಿಡಿಸುವ ದಾರಿ ಇಷ್ಟೇ: ಒಳಗಿನ ಚಾನೆಲ್‌ನಲ್ಲಿ ಲಾಗಿನ್ ಇಲ್ಲ, ಅದಕ್ಕೆ ಅಡ್ಮಿನ್ ಹಕ್ಕು ತಾನಾಗಿಯೇ ಇದೆ. ಆದ್ದರಿಂದ ಅಡ್ಮಿನ್ ಮಟ್ಟದ ಕಮಾಂಡ್‌ಗೆ ಒಳಗಿನಿಂದ ಡಿ4 ಬಂದರೆ ಹಕ್ಕನ್ನು ಮುಟ್ಟಬೇಡಿ, ಪಟ್ಟಿಯನ್ನು ನೋಡಿ. ಸಿ1 ಬಂದರೆ ಕಮಾಂಡ್ ನೋಂದಣಿಯೇ ಆಗಿಲ್ಲ, ಇಲ್ಲವೇ ನನ್ನ ಹಾಗೆ ಬೈಟ್ ತಿರುಗುಮುರುಗಾಗಿದೆ.

ಪಟ್ಟಿಗೆ ಸಾಲು ಸೇರಿಸುವಾಗ ಒಂದು ಎಚ್ಚರ. ಫಿಲ್ಟರ್ ಹೋಲಿಸುವುದು ನೆಟ್‌ಫಂಕ್ಷನ್ ಮತ್ತು ಕಮಾಂಡ್ ಜೋಡಿಯನ್ನು. ಐಎಎನ್ಎ ಸಂಖ್ಯೆ ಅದರ ಲೆಕ್ಕಕ್ಕಿಲ್ಲ. 2ಇ ಗುಂಪಿನ ಕಮಾಂಡ್ 02ಕ್ಕೆ ಅನುಮತಿ ಕೊಟ್ಟರೆ, ಅದೇ ಬಿಎಂಸಿಯಲ್ಲಿ ಬೇರೆ ತಯಾರಕರ 02 ಇದ್ದರೆ ಅದಕ್ಕೂ ಕೊಟ್ಟಂತೆ. ಸಾಲು ಬರೆದ ಮೇಲೆ ನನ್ನ ಕಮಾಂಡ್ ಓಡಿತು. ಯೂಸರ್‌ಗೆ ಇಳಿಸಿದ್ದ ಹಕ್ಕನ್ನು ಮರಳಿ ಏರಿಸಲು ಮಾತ್ರ ಮರೆತಿದ್ದೆ. ಪಕ್ಕದಲ್ಲಿ ಕೂತ ಗೆಳತಿ ಕೋಡ್ ನೋಡುತ್ತಾ ಅದನ್ನು ಹಿಡಿದಳು.