ಗ್ರಹಣದ ಹೊತ್ತು ಸರಿಯಾಗಿ ಹೇಳುವ ಪಂಚಾಂಗ ಭವಿಷ್ಯವನ್ನೂ ಸರಿಯಾಗಿ ಹೇಳುತ್ತದೆಯೇ?

ಪ್ರಶ್ನೆ: ನಮ್ಮ ಮನೆಯ ಪಂಚಾಂಗದಲ್ಲಿ ಕೊಟ್ಟ ಹೊತ್ತಿಗೇ ಗ್ರಹಣ ಹಿಡಿಯುತ್ತದೆ. ಹಾಗಾದರೆ ಅದರಲ್ಲಿರುವ ರಾಶಿಫಲವೂ ನಿಜ ಇರಬೇಕಲ್ವಾ?

ಈ ಪ್ರಶ್ನೆ ತುಂಬಾ ಜನ ಕೇಳುತ್ತಾರೆ, ಕೇಳಲೇಬೇಕಾದ್ದೂ ಹೌದು. ಗ್ರಹಣದ ಹೊತ್ತು ಬಂದಿದ್ದು ಲೆಕ್ಕದಿಂದ. ರಾಶಿಫಲ ಆ ಲೆಕ್ಕದಿಂದ ಬಂದಿದ್ದಲ್ಲ.

ಮೊದಲು ಪಂಚಾಂಗದ ತಿಥಿಯನ್ನೇ ನೋಡಿ. ಸೂರ್ಯನಿಂದ ಚಂದ್ರ 12 ಡಿಗ್ರಿ ದೂರ ಸರಿದರೆ ಒಂದು ತಿಥಿ ಮುಗಿಯಿತು. ಇವತ್ತು ಸಂಜೆ ಏಳಕ್ಕೆ ಚಂದ್ರ ಎಲ್ಲಿದ್ದಾನೆ ಅಂತ ಗುರುತು ಇಟ್ಟುಕೊಳ್ಳಿ. ನಾಳೆ ಅದೇ ಹೊತ್ತಿಗೆ ಅಂಗಳಕ್ಕೆ ಬಂದು ಕೈ ನೀಟಾಗಿ ಚಾಚಿ ಮುಷ್ಟಿ ಹಿಡಿಯಿರಿ. ಚಂದ್ರ ಒಂದು ಮುಷ್ಟಿಗಿಂತ ಸ್ವಲ್ಪ ಜಾಸ್ತಿ, ಅಂದರೆ ಸುಮಾರು 12 ಡಿಗ್ರಿ, ಪೂರ್ವಕ್ಕೆ ಸರಿದಿರುತ್ತಾನೆ. ತಿಥಿ ಅಂದರೆ ಅಷ್ಟೇ, ಕಣ್ಣಿಗೆ ಕಾಣುವ ವಿಷಯ.

ಹಳಬರು ಜ್ಯೋತಿಷವನ್ನು ಮೂರು ಭಾಗ ಮಾಡಿದ್ದರು. ಗ್ರಹಗಳು ಎಲ್ಲಿವೆ ಅನ್ನುವುದು ಗಣಿತ. ಮಳೆ, ಬೆಳೆ, ನಾಡಿನ ಶಕುನ ಹೇಳುವುದು ಸಂಹಿತೆ. ಜಾತಕ ನೋಡುವುದು ಹೋರೆ, ಅಂದರೆ 'ಹೋರಾ'. ವೇದಾಂಗ ಜ್ಯೋತಿಷ ಅನ್ನುವ ಹಳೆಯ ಗ್ರಂಥದಲ್ಲಿ ಯಜ್ಞದ ಕಾಲ ತಿಳಿಯುವ ಲೆಕ್ಕ ಇದೆ, 27 ನಕ್ಷತ್ರಗಳಿವೆ. ಹನ್ನೆರಡು ರಾಶಿಯ ಜಾತಕ ಇಲ್ಲ. ಅದು ಆಮೇಲೆ ಗ್ರೀಕರ ಸಂಪರ್ಕದಿಂದ ಬಂತು. 'ಹೋರಾ', 'ಕೇಂದ್ರ' ಎರಡೂ ಗ್ರೀಕ್ ಮೂಲದ ಮಾತುಗಳೇ.

ಆರನೇ ಶತಮಾನದ ವರಾಹಮಿಹಿರ ಮೂರೂ ಭಾಗಗಳ ಮೇಲೆ ಗ್ರಂಥ ಬರೆದವನು. ಜಾತಕ ನಂಬಿದವನೇ. ಆದರೂ ತನ್ನ ಬೃಹತ್ಸಂಹಿತೆ ಗ್ರಂಥದಲ್ಲಿ, ಚಂದ್ರಗ್ರಹಣದಲ್ಲಿ ಚಂದ್ರ ಭೂಮಿಯ ನೆರಳಿಗೆ ಹೋಗುತ್ತಾನೆ, ರಾಹು ಕಾರಣ ಅಲ್ಲ ಅಂತ ಸ್ಪಷ್ಟವಾಗಿ ಹೇಳುತ್ತಾನೆ. ಅವನಿಗಿಂತ ಮುಂಚೆ, 499ರ ಸುಮಾರಿಗೆ, ಆರ್ಯಭಟನೂ ಗ್ರಹಣಕ್ಕೆ ನೆರಳನ್ನೇ ಕಾರಣ ಕೊಟ್ಟಿದ್ದ. ಲೆಕ್ಕದಲ್ಲಿ ರಾಹು, ಕೇತು ಅಂದರೆ ಚಂದ್ರನ ದಾರಿ ಸೂರ್ಯನ ದಾರಿಯನ್ನು ದಾಟುವ ಎರಡು ಜಾಗ. ಎರಡು ದಾರಿಗಳ ನಡುವೆ ಸುಮಾರು 5 ಡಿಗ್ರಿ ಓರೆ ಇದೆ. ಅದಕ್ಕೇ ಪ್ರತಿ ಹುಣ್ಣಿಮೆಗೂ ಗ್ರಹಣ ಆಗುವುದಿಲ್ಲ.

ನನಗೆ ತುಂಬಾ ಇಷ್ಟವಾದವರು ಕೇರಳದ ಗಣಿತಜ್ಞ ಪರಮೇಶ್ವರ. ಸುಮಾರು 55 ವರ್ಷ ಗ್ರಹಣಗಳನ್ನು ಕಣ್ಣಾರೆ ನೋಡಿ, ಹಳೆಯ ಲೆಕ್ಕ ಆಕಾಶಕ್ಕೆ ಹೊಂದುತ್ತಿಲ್ಲ ಅಂತ ಕಂಡು, 1431ರಲ್ಲಿ 'ದೃಗ್ಗಣಿತ' ಬರೆದರು. ನೋಡಿ ತಿದ್ದಿದ ಲೆಕ್ಕ ಅಂತ ಅರ್ಥ. ಇವತ್ತಿಗೂ ಕೆಲವು ಪಂಚಾಂಗಗಳ ಮೇಲೆ ಆ ಮಾತು ಅಚ್ಚಾಗಿರುತ್ತದೆ. ನಿಮ್ಮ ಪಂಚಾಂಗದ ಗ್ರಹಣ ಸರಿ ಬರುವುದು ಹೀಗೆ ತಲೆಮಾರುಗಳು ಕೂತು ತಪ್ಪು ಹುಡುಕಿ ತಿದ್ದಿದ್ದರಿಂದ. ಎಂಥ ಶ್ರದ್ಧೆ!

ಫಲದ ಭಾಗಕ್ಕೆ ಈ ತಿದ್ದುವಿಕೆ ಸಿಗಲಿಲ್ಲ. ಹೇಳಿದ್ದು ಆಗದಿದ್ದರೆ ಇನ್ನೊಂದು ಗ್ರಹದ ದೃಷ್ಟಿ ಅನ್ನುತ್ತೇವೆ, ಸುಮ್ನೆ ಮುಂದೆ ಹೋಗುತ್ತೇವೆ. ಖಗೋಳ ವಿಜ್ಞಾನಿ ಜಯಂತ ನಾರ್ಳೀಕರ್ ಮತ್ತು ಸಂಗಡಿಗರು ಮಹಾರಾಷ್ಟ್ರದಲ್ಲಿ ಒಂದು ಪರೀಕ್ಷೆ ಮಾಡಿದ್ದರು. ಓದಿನಲ್ಲಿ ಮುಂದಿದ್ದ 100 ಮಕ್ಕಳು, ಬುದ್ಧಿ ಬೆಳವಣಿಗೆ ಕುಂಠಿತವಾದ 100 ಮಕ್ಕಳ ಜಾತಕ ಸೇರಿಸಿ, ಒಬ್ಬೊಬ್ಬ ಜ್ಯೋತಿಷಿಗೆ 40 ಜಾತಕ ಕೊಟ್ಟು ಯಾವುದು ಯಾರದು ಅಂತ ಕೇಳಿದರು. 27 ಜ್ಯೋತಿಷಿಗಳು ಉತ್ತರ ಕಳಿಸಿದರು. ಸರಾಸರಿ ಸರಿಯಾಗಿದ್ದು ಶೇಕಡಾ 46. ನಾಣ್ಯ ಚಿಮ್ಮಿದ್ದರೂ ಸುಮಾರು 50 ಬರುತ್ತಿತ್ತು.